ಎಂಟನೇ ನಂಬರಿನ ಅಂಗಿ

ನನ್ನ ಗಂಡ ಸತ್ತ ಮೇಲೆ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನವರು ನನಗೆ ಒಂದು ಕುರ್ಚಿ ಕೊಟ್ಟರು. ಮನೆಗೆ ತರುವ ಕುರ್ಚಿಯಲ್ಲ. ಚಾವಣಿ ಇರುವ ಆಟದ ಅಂಗಳದಲ್ಲಿ, ಎರಡನೇ ಸಾಲಿನಲ್ಲಿ, ಕಂಬದ ಪಕ್ಕದ್ದು. ನಾನು ಬದುಕಿರುವವರೆಗೂ ಟಿಕೆಟ್ ಇಲ್ಲದೆ ಬಂದು ಅಲ್ಲಿ ಕೂರಬಹುದಂತೆ. ಕಂಬ ಅಡ್ಡ ಬಂದು ಒಂದು ಕಡೆಯ ಬುಟ್ಟಿ ಕಾಣುವುದಿಲ್ಲ. ಪುಕ್ಕಟೆ ಕೊಟ್ಟಿದ್ದರ ಯೋಗ್ಯತೆ ಅಷ್ಟೇ. ಆದರೂ ನಾನು ಒಂದು ಪಂದ್ಯವನ್ನೂ ಬಿಡದೆ ಹೋಗುತ್ತೇನೆ. ಆಟ ನೋಡುವುದಕ್ಕಲ್ಲ. ಎತ್ತರದವರು ಹತ್ತು ಜನ ಒಂದು ಚೆಂಡಿಗೆ ಓಡಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಮ್ಮವರನ್ನು ಊರೆಲ್ಲ ಏಣಿ ಅನ್ನುತ್ತಿತ್ತು. ಆರೂವರೆ ಅಡಿಗಿಂತ ಮೇಲೆ. ಬಾಗಿಲು ಬಂದಲ್ಲೆಲ್ಲ ತಲೆ ಬಗ್ಗಿಸಿ ಬಗ್ಗಿಸಿ, ಬಾಗಿಲಿಲ್ಲದ ಕಡೆಯೂ ಬಗ್ಗಿಯೇ ನಡೆಯುತ್ತಿದ್ದರು. ಮೊದಲು ಸಿಮೆಂಟ್ ಗೋದಾಮಿನಲ್ಲಿ ಮೂಟೆ ಇಳಿಸುವ ಕೆಲಸ. ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಕೋಚು ಮನೆ ಕಟ್ಟಿಸುತ್ತಿದ್ದ. ಸಿಮೆಂಟ್ ಕೊಳ್ಳಲು ಹೋದವನು, ಇವರು ನೆಲದ ಮೇಲೆ ನಿಂತುಕೊಂಡೇ ಎಲ್ಲಕ್ಕಿಂತ ಮೇಲಿನ ಮೂಟೆಯನ್ನು ಎಳೆದುಕೊಂಡದ್ದು ನೋಡಿದ.

"ಚೆಂಡು ಆಡ್ತೀಯೇನೋ?"

"ಆಡಿದ್ರೆ ಏನ್ ಕೊಡ್ತೀರಿ?"

"ಇವರು ಕೊಡೋದಕ್ಕಿಂತ ಜಾಸ್ತಿ."

"ಹಾಗಾದ್ರೆ ಆಡ್ತೀನಿ. ಅದನ್ನ ಹೇಗೆ ಆಡೋದು?"

ಹೀಗೆ ನಮ್ಮವರು ಆಟಗಾರರಾದರು. ದುಡ್ಡು ಕೊಟ್ಟು ಆಡಿಸುವ ಲೀಗು ಅಂತ ಹೆಸರು. ದುಡ್ಡೆಲ್ಲ ಚೆಂದದ ಮುಖದವರಿಗೆ ಹೋಗುತ್ತಿತ್ತು. ಇವರಿಗೆ ಸಿಗುತ್ತಿದ್ದುದು ಉಳಿದ ಕೆಲಸ. ಒಬ್ಬ ಬುಟ್ಟಿಗೆ ಹಾಕುತ್ತಾನೆ, ಜನ ಕುಣಿಯುತ್ತಾರೆ. ಆ ಚೆಂಡನ್ನು ಅಲ್ಲಿಯವರೆಗೆ ತಂದುಕೊಟ್ಟವರು ಯಾರು, ಎದುರಾಳಿಯ ಕೈಯಿಂದ ಕಿತ್ತವರು ಯಾರು ಅಂತ ಯಾರು ಕೇಳುತ್ತಾರೆ? ಇವರು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಿದ್ದರು. ಮನೆಯಲ್ಲೂ ಹಾಗೆಯೇ. ನಲ್ಲಿ ರಿಪೇರಿ ಮಾಡುತ್ತಿದ್ದರು. ಸೋರುವುದು ನಿಲ್ಲುತ್ತಿರಲಿಲ್ಲ, ಸೋರುವ ಜಾಗ ಬದಲಾಗುತ್ತಿತ್ತು. ತರಕಾರಿ ಹೆಚ್ಚುತ್ತಿದ್ದರು, ಒಂದು ತುಂಡು ಬೆರಳಿನಷ್ಟು, ಇನ್ನೊಂದು ಉಗುರಿನಷ್ಟು. ಗೋಡೆಗೆ ಸುಣ್ಣ ಹೊಡೆದರೆ ಮೇಲಿನ ಅರ್ಧ ಬೆಳ್ಳಗೆ, ಕೆಳಗಿನ ಅರ್ಧ ಹಾಗೆಯೇ, ಬಗ್ಗಿದರೆ ಸೊಂಟ ನೋವಂತೆ.

ನಾನು ಅದೇ ಅಂಗಳದಲ್ಲಿ ಆಟಗಾರರ ಅಂಗಿಗೆ ನಂಬರು ಹೊಲಿಯುತ್ತಿದ್ದೆ. ಜನ ಕೂರುವ ಮೆಟ್ಟಿಲುಗಳ ಕೆಳಗೆ ಒಂದು ಗೂಡು. ಚಾವಣಿ ಅಂದರೆ ಮೆಟ್ಟಿಲಿನ ಹೊಟ್ಟೆ, ಓರೆಯಾಗಿ ಇಳಿದಿತ್ತು. ಮೇಲೆ ಜನ ಕಾಲು ಬಡಿದರೆ ನನ್ನ ಮಿಷನ್ನಿನ ಮೇಲೆ ಮಣ್ಣು ಉದುರುತ್ತಿತ್ತು. ಅಂಗಿಯ ಅಳತೆ ಕೊಡಲು ಬಂದಾಗಲೆಲ್ಲ ಇವರು ಆ ಚಾವಣಿಗೆ ತಲೆ ಹೊಡೆದುಕೊಳ್ಳುತ್ತಿದ್ದರು. ಯಾವ ಅಂಗಿಯೂ ಆಗುತ್ತಿರಲಿಲ್ಲ. ಎರಡು ಅಂಗಿ ಕತ್ತರಿಸಿ, ಜೋಡಿಸಿ, ಒಂದು ಮಾಡಿಕೊಟ್ಟೆ. ಹದಿನೈದನೇ ನಂಬರು. ತಲೆ ಚಚ್ಚಿಕೊಂಡು ಚಚ್ಚಿಕೊಂಡು ಬಂದವರನ್ನು ಮದುವೆಯಾದೆ. ಆಮೇಲೆ ಚಚ್ಚಿಕೊಳ್ಳುವ ಸರದಿ ನನ್ನದಾಯಿತು.

ಆ ದಿನಗಳಲ್ಲಿ ಒಮ್ಮೆ ನಾನು ಹಳೆ ನಂಬರನ್ನು ಬ್ಲೇಡಿನಿಂದ ಬಿಚ್ಚುತ್ತಾ ಕೂತಿದ್ದೆ. ಇವರು ನೋಡಿ ನಕ್ಕರು.

"ಮೂಟೆ ಹೊಲಿಗೆ ಹಾಕು. ಬಿಚ್ಚೋಕೆ ಬ್ಲೇಡು ಬೇಡ."

ಸಿಮೆಂಟ್ ಮೂಟೆಯ ಬಾಯಿಗೆ ಹಾಕುವ ಹೊಲಿಗೆ ಅದು, ಸರಪಣಿಯ ಹಾಗೆ ಒಂದರೊಳಗೊಂದು. ಒಂದು ತುದಿಯಿಂದ ಎಷ್ಟು ಜಗ್ಗಿದರೂ ಬರುವುದಿಲ್ಲ, ಇನ್ನೂ ಬಿಗಿಯುತ್ತದೆ. ಇನ್ನೊಂದು ತುದಿಯ ಗಂಟು ಬಿಟ್ಟರೆ ಮುಗಿಯಿತು, ಎಳೆ ಹಿಡಿದು ಎಳೆದ ಹಾಗೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಇವರು ದಬ್ಬಣ ತಂದು ತೋರಿಸಿಕೊಟ್ಟರು.

"ಆಟದ ಮಧ್ಯೆ ನಂಬರು ಬಿದ್ದೋದ್ರೆ?" ಅಂದೆ.

"ಯಾರು ನೋಡ್ತಾರೆ?" ಅಂದರು.

ಅವರ ಬದುಕೆಲ್ಲ ಆ ಮಾತಿನಲ್ಲೇ ಇತ್ತು. ಬೈದು ಕಳಿಸಿದೆ.

ಈಗ ಆ ಪಂದ್ಯದ ವಿಷಯ. ಆ ವರ್ಷದ ಕೊನೆಯ ಪಂದ್ಯ ಅದು. ಎಂಟನೇ ನಂಬರಿನವನು ಒಬ್ಬನಿದ್ದ. ಈಗ ಅವನನ್ನು ಕಬ್ಬಿಣ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ, ಬೇರೆ ಅನ್ನಬೇಕಾದ್ದನ್ನು ಬರೆಯುವಂತಿಲ್ಲ. ಮಾತು ಚೆಂದ, ಹಲ್ಲು ಚೆಂದ, ಆಟ ಸುಮಾರು. ಆ ವಾರ ಅವನು ಮನೆಯ ಬಚ್ಚಲಲ್ಲಿ ತುಂಬಿದ ಬಕೆಟ್ಟನ್ನು ಕಾಲಿನ ಮೇಲೆ ಬೀಳಿಸಿಕೊಂಡು ಹೆಬ್ಬೆರಳು ಮುರಿದುಕೊಂಡಿದ್ದ. ಪ್ಲಾಸ್ಟರ್ ಹಾಕಿಸಿಕೊಂಡು, ಪ್ಯಾಂಟು ಷರಟು ತೊಟ್ಟು, ಅಂಗಳದ ಪಕ್ಕ ಕುರ್ಚಿಯಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತಿದ್ದ. ಅವನ ಆಟದ ಅಂಗಿ ಚೀಲದಲ್ಲಿತ್ತು. ಯಾರು ಆಡಲಿ ಬಿಡಲಿ, ಸಾಮಾನು ನೋಡಿಕೊಳ್ಳುವವನು ಹನ್ನೆರಡೂ ಅಂಗಿ ತರುತ್ತಿದ್ದ.

ಅರ್ಧ ಆಟ ಮುಗಿಯುವ ಹೊತ್ತಿಗೆ ಎದುರಾಳಿಯ ಮೊಣಕೈ ತಗುಲಿ ನಮ್ಮವರ ಹುಬ್ಬು ಸೀಳಿತು. ಅಂಗಿಯೆಲ್ಲ ರಕ್ತ. ರಕ್ತದ ಅಂಗಿ ತೊಟ್ಟು ಆಡುವಂತಿಲ್ಲ, ಅದು ನಿಯಮ. ಇವರಿಗೆ ಇನ್ನೊಂದು ಅಂಗಿ ಹೊಲಿಯಲು ನಾನು ಬಟ್ಟೆ ಕೇಳಿದ್ದೆ. ಕ್ಲಬ್ಬಿನ ಮಾಲೀಕ "ಒಬ್ಬನಿಗೆ ನಾಲ್ಕು ಅಂಗಿ ಬಟ್ಟೆನಾ? ಅವನೇನು ಮದುಮಗನಾ?" ಅಂತ ಬೈದು ಕಳಿಸಿದ್ದ. ಸಾಮಾನಿನವನು ಚೀಲಕ್ಕೆ ಕೈ ಹಾಕಿ, ಹೇಗೂ ಆಡದವನದು ಅಂತ, ಕಬ್ಬಿಣನ ಎಂಟನೇ ನಂಬರಿನ ಅಂಗಿ ತೆಗೆದುಕೊಟ್ಟ. ನಮ್ಮವರು ಹಾಕಿಕೊಂಡು ಬಂದರು. ಹೊಕ್ಕುಳು ಕಾಣುತ್ತಿತ್ತು.

ಜನ ಬಿದ್ದು ಬಿದ್ದು ನಕ್ಕರು. "ಏ ಏಣಿ, ತಂಗಿ ಅಂಗಿ ಹಾಕ್ಕೊಂಡು ಬಂದ್ಯೇನೋ?" "ಹೊಕ್ಕುಳಿಗೂ ಒಂದು ನಂಬರ್ ಹಾಕ್ರೋ!"

ನಾನು ರಕ್ತದ ಅಂಗಿಯನ್ನು ತಣ್ಣೀರಿನ ಬಕೆಟ್ಟಿಗೆ ಹಾಕಿ, ಆಟಗಾರರು ಬರುವ ಬಾಗಿಲಲ್ಲಿ ನಿಂತು ನೋಡಿದೆ. ನಾಚಿಕೆಗೋ ಸಿಟ್ಟಿಗೋ ಇವರ ಮೈಮೇಲೆ ಏನೋ ಬಂದ ಹಾಗಿತ್ತು. ಒಂದು ಕೈಯಲ್ಲಿ ಅಂಗಿ ಕೆಳಗೆ ಜಗ್ಗಿಕೊಳ್ಳುವರು, ಇನ್ನೊಂದು ಕೈಯಲ್ಲಿ ಎದುರಾಳಿಯ ಚೆಂಡು ಕಿತ್ತುಕೊಳ್ಳುವರು. ಕಿತ್ತುಕೊಂಡು ಜೊತೆಯವನ ಕೈಗಿಡುವರು, ಅವನು ಬುಟ್ಟಿಗೆ ಹಾಕುವನು. ಮತ್ತೆ ಅಂಗಿ ಜಗ್ಗುವರು. ಮತ್ತೆ ಕೀಳುವರು. ಆಟ ಮುಗಿಯುವ ಹೊತ್ತಿಗೆ ನಗುತ್ತಿದ್ದವರು ನಗುವುದನ್ನು ಮರೆತಿದ್ದರು. ಗೆದ್ದೆವು. ಮನೆಗೆ ಹೋಗಿ ಉಂಡೆವು.

ಅಂಗಳದ ಪಕ್ಕ ಒಂದು ಮೇಜು ಇರುತ್ತದೆ. ಅಲ್ಲಿ ಇಬ್ಬರು ಕೂರುತ್ತಾರೆ. ಒಬ್ಬ ಆಟ ನೋಡಿ ಕೂಗುತ್ತಾನೆ: ಹದಿನೈದು, ಕಿತ್ತ. ಏಳು, ಎರಡು ಅಂಕ. ಇನ್ನೊಬ್ಬ ತಲೆ ಎತ್ತದೆ ಹಾಳೆಯಲ್ಲಿ ಗುರುತು ಹಾಕುತ್ತಾನೆ. ಹೆಸರು ಕೂಗುವಂತಿಲ್ಲ, ನಂಬರು ಮಾತ್ರ. ಬರೆಯುವವನು ತಲೆ ಎತ್ತಿದರೆ ಒಂದು ತಪ್ಪಿಹೋಗುತ್ತದೆ, ಅದಕ್ಕೆ ಎತ್ತುವಂತಿಲ್ಲ. ಹನ್ನೆರಡು ಹೆಸರನ್ನೂ ಅವರವರ ನಂಬರಿನ ಮುಂದೆ ಮೊದಲೇ ಟೈಪು ಮಾಡಿಟ್ಟಿರುತ್ತಾರೆ. ಆ ದಿನ ಕೂಗುವವನು ಬೆನ್ನಿನ ಮೇಲಿದ್ದುದನ್ನೇ ಕೂಗಿದ, ಎಂಟು, ಎಂಟು ಅಂತ. ಬರೆಯುವವನು ಎಂಟರ ಮುಂದೆ ಗುರುತು ಹಾಕಿದ. ಎಂಟರ ಮುಂದೆ ಇದ್ದುದು ಕಡಲೆಕಾಯಿ ತಿನ್ನುತ್ತಿದ್ದವನ ಹೆಸರು. ಇಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಇಂಥ ಸರಿಯಾದ ಕೆಲಸಕ್ಕೆ ಸಂಬಳ ಬೇರೆ.

ಮಾರನೆಯ ದಿನ ಹಾಳೆ ನೋಡಿ ತಂಡದವರೆಲ್ಲ ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕವನು ಕಬ್ಬಿಣ.

"ನೋಡ್ರೋ, ಕುರ್ಚೀಲಿ ಕೂತು ಎಂಟು ಚೆಂಡು ಕಿತ್ಕೊಂಡಿದ್ದೀನಿ. ಎದ್ದು ನಿಂತಿದ್ರೆ ಅವರ ಗತಿ ಏನು!"

ನಮ್ಮವರೂ ನಕ್ಕರು. ಸಾಮಾನಿನವನು ಮೇಜಿನವರಿಗೆ ಹೇಳಿದ. "ಬರೋ ವಾರ ತಿದ್ದೋಣ ಬಿಡು" ಅಂದರು. ಆ ವಾರ ಇನ್ನೂ ಬಂದಿಲ್ಲ.

ತಮಾಷೆ ತಮಾಷೆಯಾಗಿಯೇ ಇದ್ದಿದ್ದರೆ ನಾನು ಈಗ ಬರೆಯುತ್ತಿರಲಿಲ್ಲ. ವರ್ಷಗಳಾದ ಮೇಲೆ ಪತ್ರಿಕೆಯವನೊಬ್ಬ ಎಂಟನೇ ನಂಬರಿನವನು ಇಲ್ಲಿಯವರೆಗೆ ಒಂದೂ ಪಂದ್ಯ ತಪ್ಪಿಸಿಲ್ಲ ಅಂತ ಕಂಡುಹಿಡಿದ. ಹಾಳೆಯಲ್ಲಿ ಹಾಗಿತ್ತಲ್ಲ. ಬಂದು ಅವನನ್ನೇ ಕೇಳಿದ. ಒಂದು ದಿನ ಕೂತಿದ್ದೆ ಅನ್ನಲು ಎಷ್ಟು ಹೊತ್ತು ಬೇಕು? ಅವನು ಹೇಳಿದ್ದು: "ಒಂದ್ಸಲ ಕಾಲ್ಬೆರಳು ಮುರಿದಿತ್ತು. ಆದ್ರೂ ಆಡ್ದೆ." ಪತ್ರಿಕೆಯವನು ಹಾಳೆ ತೆಗೆದು ನೋಡಿದ. ಮುರಿದ ಬೆರಳಿನಲ್ಲಿ ಎಂಟು ಚೆಂಡು ಕಿತ್ತಿದ್ದಾನೆ! ಅವತ್ತಿನಿಂದ ಅವನು ಕಬ್ಬಿಣ. ಶಾಲೆಗಳಿಗೆ ಕರೆದರು, ಮಕ್ಕಳ ಮುಂದೆ ಬೆರಳಿನ ಕತೆ ಹೇಳಿದ. ಆಟ ಬಿಟ್ಟ ಮೇಲೆ ಅದೇ ಬೆರಳಿನ ಮೇಲೆ ನಡೆದು ಕ್ಲಬ್ಬಿನ ಅಧ್ಯಕ್ಷನಾದ.

ನಮ್ಮವರು ಮಂಡಿ ಸವೆದು ಆಟ ಬಿಟ್ಟರು. ಕ್ಲಬ್ಬಿನವರು ಗೇಟು ಕಾಯುವ ಕೆಲಸ ಕೊಟ್ಟರು, ಬಲ್ಬು ಬದಲಾಯಿಸುವ ಕೆಲಸವೂ ಸೇರಿ. ಬಲ್ಬು ತಿರುಗಿಸುತ್ತಿರುವಾಗ ಕೆಳಗೆ ಮೈಕಿನಲ್ಲಿ ಬೆರಳಿನ ಕತೆ ನಡೆಯುತ್ತಿರುತ್ತಿತ್ತು. ಮನೆಗೆ ಬಂದು ಹೇಳುತ್ತಿದ್ದರು.

"ಈ ಸಲ ಎರಡು ಬೆರಳು ಮುರಿದಿದೆ ಕಣೇ."

"ಮುಂದಿನ ವರ್ಷದ ಹೊತ್ತಿಗೆ ಕಾಲೇ ಇರಲ್ಲ ಬಿಡ್ರೀ" ಅನ್ನುತ್ತಿದ್ದೆ.

ಇಬ್ಬರೂ ನಗುತ್ತಿದ್ದೆವು. ಆಗಿನ್ನೂ ಇವರಿಗೆ ಏನೂ ಬೇಕಿರಲಿಲ್ಲ. ಬೇಕು ಅನ್ನುವುದನ್ನು ಹುಟ್ಟಿಸಿದವನು ನಮ್ಮ ಅಳಿಯ.

ಅಳಿಯನಿಗೆ ಲೆಕ್ಕದ ಹುಚ್ಚು. ಅಂಕಿ ಸಿಕ್ಕರೆ ಊಟ ಬಿಡುತ್ತಾನೆ. ಊಟ ಸಿಕ್ಕರೆ ಅಂಕಿಯನ್ನೂ ಬಿಡುವುದಿಲ್ಲ, ಬಾಯಿ ತುಂಬಾ ಇಟ್ಟುಕೊಂಡು ಹೇಳುತ್ತಾನೆ. ಒಂದು ರಜೆಯ ದಿನ ಮಗಳ ಜೊತೆ ಊಟಕ್ಕೆ ಬಂದಿದ್ದ.

"ಮಾವ, ನಾಲ್ಕು ಹತ್ತು ಅಂದ್ರೇನು ಗೊತ್ತಾ? ಒಂದೇ ಪಂದ್ಯದಲ್ಲಿ ಒಬ್ಬನೇ ಹತ್ತು ಅಂಕ ಹೊಡೀಬೇಕು. ಬುಟ್ಟಿಗೆ ಬಡಿದು ಆಚೆ ಬಂದ ಚೆಂಡು ಹತ್ತು ಸಲ ಹಿಡೀಬೇಕು. ಜೊತೆಯವರಿಗೆ ಕೊಟ್ಟು ಹತ್ತು ಸಲ ಬುಟ್ಟಿಗೆ ಹಾಕಿಸ್ಬೇಕು. ಎದುರಾಳಿ ಕೈಯಿಂದ ಹತ್ತು ಸಲ ಕಿತ್ಕೋಬೇಕು. ದೊಡ್ಡ ದೊಡ್ಡ ಲೀಗಲ್ಲೇ ಬೆರಳೆಣಿಕೆ ಜನ. ನಮ್ಮ ಲೀಗಲ್ಲಿ ಹುಟ್ಟಿದಾಗಿಂದ ಒಬ್ಬನೂ ಇಲ್ಲ."

ನಮ್ಮವರು ಅಗಿಯುವುದನ್ನು ನಿಲ್ಲಿಸಿದರು.

"ನಾನು ಒಂದ್ಸಲ ಮಾಡಿರ್ಬೇಕು ಅನ್ಸುತ್ತೆ."

ಅಳಿಯ ನಕ್ಕ ರಭಸಕ್ಕೆ ನೀರು ಮೂಗಿಗೆ ಏರಿತು. ಮಗಳು ಅವನ ನೆತ್ತಿ ತಟ್ಟಿದಳು. ಆಮೇಲೆ ಇವರು ಅಂಗಿಯ ಕತೆ ಹೇಳಿದರು. ಅಳಿಯ ಎಂಜಲು ಕೈಯಲ್ಲೇ ಫೋನು ತೆಗೆದು ಲೀಗಿನ ಹಳೆಯ ಪಂದ್ಯ ಹುಡುಕಿದ.

"ಹದಿನೈದನೇ ನಂಬರು. ಆರು ಅಂಕ, ಏಳು ಹಿಡಿದಿದ್ದು, ಮೂರು ಕೊಟ್ಟಿದ್ದು, ಎರಡು ಕಿತ್ತಿದ್ದು. ಎಂಟನೇ ನಂಬರು. ಐದು, ನಾಲ್ಕು, ಏಳು, ಎಂಟು." ಅವನ ತುಟಿ ಅಲ್ಲಾಡಿತು. ಕೂಡಿಸಿದ. "ಹನ್ನೊಂದು, ಹನ್ನೊಂದು, ಹತ್ತು, ಹತ್ತು. ಮಾವ, ಇದು ಎರಡೂ ನೀವೇನಾ?"

"ಎರಡೂ ನಾನೇನೇ. ಒಂದರಲ್ಲಿ ಹೊಕ್ಕುಳು ಮುಚ್ಚಿತ್ತು, ಒಂದರಲ್ಲಿ ತೆರೆದಿತ್ತು."

ಎರಡು ಅಂಗಿ ಸೇರಿಸಿದರೆ ಇವರು ಒಬ್ಬರು ಅನ್ನುವುದು ನನಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಉಳಿದವರಿಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಅಲ್ಲಿಂದ ಮನುಷ್ಯ ಕೆಟ್ಟರು. ಮುದುಕರಿಗೆ ಆಸೆ ಹತ್ತಬಾರದು, ಕೆಮ್ಮಿನ ಹಾಗೆ ಬಿಡುವುದಿಲ್ಲ. ತನ್ನ ಹೆಸರಿನ ಮುಂದೆ ಆ ನಾಲ್ಕು ಅಂಕಿ ಇರಬೇಕು, ಅಷ್ಟೇ. ದುಡ್ಡು ಬೇಡ, ಹೂವು ಬೇಡ. ಅಳಿಯ ಲೀಗಿನ ಕಚೇರಿಗೆ ಅಲೆದ. ಅವರು, ಎಂಟನೇ ನಂಬರಿನವನು ಆ ದಿನ ಆಡಲಿಲ್ಲ ಅಂತ ಕ್ಲಬ್ಬಿನ ಅಧ್ಯಕ್ಷರು ಒಂದು ಮಾತು ಹೇಳಲಿ, ತಿದ್ದುತ್ತೇವೆ ಅಂದರು. ಅಧ್ಯಕ್ಷ ಯಾರು? ಎಂಟನೇ ನಂಬರಿನವನೇ. ಕಳ್ಳನ ಕೈಗೆ ಬೀಗದ ಕೈ.

ಇಬ್ಬರೂ ಹೋದೆವು. ಕಬ್ಬಿಣನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಾಲ್ಬೆರಳಿನ ಹಳೇ ಪ್ಲಾಸ್ಟರ್ ಇಟ್ಟಿದ್ದರು, ಕೆಳಗೆ ದೀಪ. ಬಕೆಟ್ ಇಟ್ಟಿರಲಿಲ್ಲ.

"ಬಾರೋ ಏಣಿ! ಅತ್ತಿಗೆ, ಕೂತ್ಕೊಳ್ಳಿ. ಏನ್ ತಗೋತೀರಿ?"

"ಐದು ಅಂಕ" ಅಂದರು ನಮ್ಮವರು. "ನಾಲ್ಕು ಹಿಡಿದಿದ್ದು, ಏಳು ಕೊಟ್ಟಿದ್ದು, ಎಂಟು ಕಿತ್ತಿದ್ದು. ಅಷ್ಟು ವಾಪಸ್ ಕೊಟ್ರೆ ಸಾಕು."

ಅವನು ನಕ್ಕ. ಇವರು ನಗಲಿಲ್ಲ. ಅವನು ಎದ್ದು ಬಾಗಿಲು ಹಾಕಿದ.

"ಏಣಿ, ನೀನೇ ಹೇಳು. ಒಂದೂ ಪಂದ್ಯ ಬಿಡದೇ ಇರೋನು ಅಂತ ಜನ ನನ್ನ ಕರೆಯೋದು. ಒಂದು ಬಿಟ್ಟೆ ಅಂತ ಹೇಳಿಬಿಟ್ರೆ ಆಮೇಲೆ ನಾನು ಯಾರು?"

"ಬಕೆಟ್ ಬೀಳಿಸ್ಕೊಂಡೋರು" ಅಂದೆ ನಾನು.

"ಅತ್ತಿಗೆ ಬಾಯಿ ಇನ್ನೂ ಚುರುಕಾಗೇ ಇದೆ" ಅಂದ ಅವನು. "ನೋಡು ಏಣಿ, ಗೇಟಲ್ಲಿ ನಿಂತು ನಿಂತು ಮಂಡಿ ಹೋಗಿದೆ ನಿಂಗೆ. ಒಳಗೆ ಕೂರೋ ಕೆಲಸ ಹಾಕಿಸ್ಕೊಡ್ತೀನಿ."

"ಕೂರೋದು ನಿನ್ನ ಕೆಲಸ ಕಣೋ. ಅವತ್ತು ಕೂತಿದ್ದೆ ಅಂತ ಹೇಳು ಸಾಕು. ಕೂತಿದ್ದು ತಪ್ಪೇನಲ್ಲ. ಕಾಲು ಮುರಿದಿತ್ತು, ಕೂತಿದ್ದೆ."

ಅವನು ಗಾಜಿನ ಪೆಟ್ಟಿಗೆಯನ್ನು ನೋಡಿದ. "ನೋಡೋಣ" ಅಂದ.

ನೋಡೋಣ ಅಂದರೆ ಇಲ್ಲ ಅಂತ ಹಾಲು ಕುಡಿಯುವ ಮಗುವಿಗೂ ಗೊತ್ತು. ಇವರಿಗೆ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ, "ನೋಡ್ತಾನೆ ಕಣೇ, ಮನುಷ್ಯ ಅಷ್ಟು ಕೆಟ್ಟವನಲ್ಲ" ಅಂದುಕೊಂಡು ಬಂದರು. ಬುದ್ಧಿ ಮಂಡಿಗಿಂತ ಮೊದಲೇ ಸವೆದಿತ್ತು.

ಆಮೇಲೆ ಎದೆಯ ಕಾಯಿಲೆ ಹಿಡಿಯಿತು. ಸಿಮೆಂಟ್ ಧೂಳು ಅಂದರು ಡಾಕ್ಟರು, ಆಗ ಒಳಗೆ ಹೋದದ್ದು ಈಗ ಲೆಕ್ಕ ಕೇಳುತ್ತಿದೆಯಂತೆ. ಆಸ್ಪತ್ರೆಯ ಮಂಚ ಮೊಣಕಾಲಿಗೇ ಮುಗಿಯುತ್ತಿತ್ತು. ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಮಲಗಿದ್ದರು. ಬಾಗಿಲು ಅಲ್ಲಾಡಿದರೆ ತಲೆ ಎತ್ತುತ್ತಿದ್ದರು.

"ಅವನಾ?"

"ಕಸ ಗುಡಿಸೋಳು ರೀ. ಮಲಗಿ."

ಕಬ್ಬಿಣ ಬರಲಿಲ್ಲ. ಹಣ್ಣಿನ ಬುಟ್ಟಿ ಬಂತು, ಕ್ಲಬ್ಬಿನ ಹೆಸರು ಅಚ್ಚಾಗಿದ್ದ ಪಟ್ಟಿ ಕಟ್ಟಿಕೊಂಡು. ಸಾಮಾನಿನವನು ಬಂದ. ಮುದುಕನಾಗಿದ್ದ. ಮಂಚದ ಪಕ್ಕ ನಿಂತು ಅತ್ತ.

"ಅಕ್ಕಾ, ಆ ಅಂಗಿ ಕೊಟ್ಟಿದ್ದು ನಾನೇ, ನನ್ನ ಕೈಯಾರೆ."

"ಹಾಗಾದ್ರೆ ಹೋಗಿ ಲೀಗಿನೋರಿಗೆ ಹೇಳು."

"ನನ್ನ ಮಗ ಅಲ್ಲೇ ಕೆಲಸಕ್ಕಿದಾನೆ ಅಕ್ಕಾ. ಅವರ ಉಪ್ಪು ತಿಂತಿದೀವಿ."

"ಹಾಗಾದ್ರೆ ಅಳಬೇಡ. ಎರಡರಲ್ಲಿ ಒಂದು ಮಾಡು."

ಅವನು ಕಣ್ಣು ಒರೆಸಿಕೊಂಡು ಒಂದು ಹಣ್ಣು ತೆಗೆದುಕೊಂಡು ಹೋದ.

ನಮ್ಮವರು ಒಂದು ಮಧ್ಯಾಹ್ನ ಹೋದರು. ನಾನು ನೀರು ತರಲು ಎದ್ದಿದ್ದೆ, ಬರುವಷ್ಟರಲ್ಲಿ ಇರಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮನೆಯ ಮಂಚಕ್ಕೆ ಅವರ ಕಾಲಿಗಾಗಿ ಒಂದು ಹಲಗೆ ಜೋಡಿಸಿದ್ದೆವು. ಅದೂ ಅವರೇ ಮಾಡಿದ್ದು, ಓರೆಯಾಗಿದೆ. ಅದನ್ನು ನಾನು ಇನ್ನೂ ತೆಗೆಸಿಲ್ಲ. ದಿನಾ ಹೋಗುವಾಗ ಬರುವಾಗ ಮೊಣಕಾಲಿಗೆ ಬಡಿಯುತ್ತದೆ. ಬಡಿಯಲಿ.

ಆಗ ಬಂದ ಕಬ್ಬಿಣ. ಫೋಟೋ ತೆಗೆಯುವವನನ್ನು ಕರೆದುಕೊಂಡು ಬಂದ. ಹೂವಿನ ಗೊಂಚಲನ್ನು ಕೈಯಲ್ಲಿ ಹಿಡಿದು ಫೋಟೋ ಆಗುವವರೆಗೂ ಬಿಡಲಿಲ್ಲ. ಆಮೇಲೆ ಫೋಟೋದವನನ್ನು ಹೊರಗೆ ಕಳಿಸಿ, ಅದೇ ಹಲಗೆಯ ಮೇಲೆ ಕೂತ.

"ಅತ್ತಿಗೆ, ಏಣಿ ನೆನಪಿಗೆ ಅಂಗಳದಲ್ಲಿ ನಿಮಗೆ ಒಂದು ಕುರ್ಚಿ. ಜೀವ ಇರೋವರೆಗೂ."

"ಯಾವ ಕುರ್ಚಿ? ಅವತ್ತು ನೀವು ಕೂತಿದ್ದಾ?"

ಅವನು ಕೇಳಿಸದವನ ಹಾಗೆ ಮಾಡಿದ. "ಇನ್ನೊಂದು ವಿಷಯ. ನನ್ನ ಎಂಟನೇ ನಂಬರನ್ನ ಗೌರವ ಅಂತ ಇನ್ಮೇಲೆ ಯಾರಿಗೂ ಕೊಡಲ್ಲವಂತೆ. ದೊಡ್ಡ ಬಟ್ಟೆ ಮೇಲೆ ಹೊಲಿಸಿ ಚಾವಣಿಗೆ ಏರಿಸ್ತಾರೆ. ನಾನೇ ಹೇಳ್ದೆ, ಹೊಲಿಯೋದಾದ್ರೆ ನಮ್ಮ ಅತ್ತಿಗೆನೇ ಹೊಲೀಬೇಕು ಅಂತ. ನಿಮಗೂ ಕೈಗೊಂದು ಕೆಲಸ ಆಗುತ್ತೆ."

ಗಂಡನನ್ನು ಕಳೆದುಕೊಂಡವಳಿಗೆ ಕಬ್ಬಿಣನ ಹೆಸರಿನ ಬಾವುಟ ಹೊಲಿಯುವ ಉಪಕಾರ. ಇಂಥ ಮುಖಕ್ಕೆ ಯಾವ ಬಟ್ಟೆ ಹೊಲಿದರೂ ಮುಚ್ಚುವುದಿಲ್ಲ.

"ಒಂದೇ ಮಾತು ಕೇಳ್ತೀನಿ" ಅಂದೆ. "ಅವರು ಹೋಗಿದ್ದಾರೆ. ಈಗಾದ್ರೂ ಹೇಳ್ತೀರಾ?"

ಅವನು ಹಲಗೆಯಿಂದ ಎದ್ದು ಪ್ಯಾಂಟು ಕೊಡವಿಕೊಂಡ. ಆಮೇಲೆ ಮೊದಲ ಸಲ ನಿಜ ಹೇಳಿದ.

"ಅತ್ತಿಗೆ, ಏಣಿಗೆ ಇನ್ಮೇಲೆ ಅದರಿಂದ ಏನೂ ಆಗಬೇಕಾಗಿಲ್ಲ. ನನಗೆ ಆಗಬೇಕು."

"ಬಟ್ಟೆ ಕಳಿಸಿ" ಅಂದೆ.

ಮಗಳು ಬೈದಳು. "ಅವನ ಹೆಸರು ಹೊಲಿಯೋಕೆ ನಿನ್ನ ಕೈ ಹೇಗಮ್ಮ ಬರುತ್ತೆ?" ಅಂದಳು. ಬರುತ್ತೆ ಅಂದೆ. ಒಪ್ಪಿಕೊಂಡ ಕೆಲಸವನ್ನು ಚೆನ್ನಾಗಿಯೇ ಮಾಡುವವಳು ನಾನು.

ಬಟ್ಟೆ ಬಂತು, ಹಾಸಿಗೆಯ ಎರಡರಷ್ಟು. ನಡುವೆ ದೊಡ್ಡದಾಗಿ ಎಂಟು ಹೊಲಿದೆ. ಅದರ ಕೆಳಗೆ, ಹೆಸರು ಬರಬೇಕಾದ ಜಾಗದಲ್ಲಿ, ಏಣಿ ಅಂತ ಹೊಲಿದೆ. ಅಕ್ಷರಗಳನ್ನು ಅವರ ಹದಿನೈದನೇ ನಂಬರಿನ ಅಂಗಿಯಿಂದ ಕತ್ತರಿಸಿದೆ. ರಕ್ತದ ಕಲೆ ಅವತ್ತೇ ತಣ್ಣೀರಿನಲ್ಲಿ ಹೋಗಿತ್ತು, ಒಂದು ಮೂಲೆಯಲ್ಲಿ ಸ್ವಲ್ಪ ಉಳಿದಿತ್ತು. ಅದರ ಕೆಳಗೆ ನಾಲ್ಕು ಅಂಕಿ: ಹನ್ನೊಂದು, ಹನ್ನೊಂದು, ಹತ್ತು, ಹತ್ತು. ಎಲ್ಲಕ್ಕೂ ಜೋಡಿ ಹೊಲಿಗೆ, ಎರಡೆರಡು ಸಲ. ಹರಿದರೆ ಬಟ್ಟೆ ಹರಿಯಬೇಕು, ಹೊಲಿಗೆಯಲ್ಲ.

ಆಮೇಲೆ ಗಟ್ಟಿ ಬಟ್ಟೆಯ ಪಟ್ಟಿಯೊಂದನ್ನು ತೆಗೆದುಕೊಂಡು ಅದರ ಮೇಲೆ ಹೊಳೆಯುವ ಅಕ್ಷರದಲ್ಲಿ ಕಬ್ಬಿಣ ಅಂತ ಹೊಲಿದೆ. ಆ ಪಟ್ಟಿಯನ್ನು ಅವರ ಹೆಸರಿನ ಮೇಲೆ, ಅಂಕಿಗಳ ಮೇಲೆ, ಏನೂ ಕಾಣದ ಹಾಗೆ ಮುಚ್ಚಿದೆ. ಸುತ್ತಲೂ ದಬ್ಬಣದಲ್ಲಿ ಮೂಟೆ ಹೊಲಿಗೆ ಹಾಕಿದೆ, ಅವರು ಹೇಳಿಕೊಟ್ಟದ್ದು. ದೂರದಿಂದ ನೋಡಿದರೆ ಚೆಂದದ ಅಂಚು ಕಟ್ಟಿದ ಹಾಗೆ ಕಾಣುತ್ತದೆ. ಗಂಟು ಹಾಕಬೇಕಾದ ತುದಿಗೆ ಗಂಟು ಹಾಕಲಿಲ್ಲ.

ಏರಿಸುವ ದಿನ ಜನ ತುಂಬಿದ್ದರು. ಕಬ್ಬಿಣ ಮೈಕು ಹಿಡಿದ. ಈ ಸಲ ಮೂರು ಬೆರಳು. ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇದನ್ನ ಹೊಲಿದಿದ್ದು ನನ್ನ ಗೆಳೆಯ ಏಣಿಯ ಹೆಂಡತಿ" ಅಂದ. ಚಪ್ಪಾಳೆ ಬಿತ್ತು. ಅವನು ಹತ್ತಿರ ಬಂದು ಬಟ್ಟೆಯನ್ನು ಬೆರಳಿನಲ್ಲಿ ಸವರಿದ.

"ಏನ್ ಕೆಲಸ ಅತ್ತಿಗೆ! ಈ ಅಂಚು ನೋಡಿ!"

"ನಮ್ಮವರು ಹೇಳಿಕೊಟ್ಟ ಹೊಲಿಗೆ" ಅಂದೆ.

"ಏಣಿಗೆ ಹೊಲಿಗೆನೂ ಬರ್ತಿತ್ತಾ?"

"ಎಲ್ಲಾ ಸ್ವಲ್ಪ ಸ್ವಲ್ಪ ಬರ್ತಿತ್ತು."

ಹಗ್ಗ ಎಳೆದರು. ಬಟ್ಟೆ ಮೇಲೇರಿ, ಚಾವಣಿಯ ಕಂಬಿಗೆ ಹೋಗಿ ನಿಂತಿತು. ಅಲ್ಲಿಗೆ ಯಾವ ಏಣಿಯೂ ಎಟುಕುವುದಿಲ್ಲ. ಎಟುಕುತ್ತಿದ್ದ ಒಂದೂ ಈಗಿಲ್ಲ. ಪಕ್ಕದಲ್ಲೇ ದೊಡ್ಡ ಫ್ಯಾನು ತಿರುಗುತ್ತದೆ, ಪಂದ್ಯ ಇದ್ದಷ್ಟು ಹೊತ್ತೂ.

ಇದನ್ನು ಓದಿ ಕಬ್ಬಿಣ ಬಟ್ಟೆ ಇಳಿಸಬಹುದು ಅಂತ ಅಳಿಯನಿಗೆ ಭಯ. ಇಳಿಸಲಿ. ಹಗ್ಗ ಬಿಚ್ಚಿ ಇಳಿಸಿದರೆ ಯಾಕೆ ಇಳಿಸಿದಿರಿ ಅಂತ ಜನ ಕೇಳುತ್ತಾರೆ. ಬಾಯಿ ಬಿಟ್ಟು ಒಂದು ಉತ್ತರ ಹೇಳಬೇಕಾಗುತ್ತದೆ. ನಮ್ಮವರು ಕೇಳಿದ್ದೂ ಅಷ್ಟೇ.

ಅದಕ್ಕೇ ಪಂದ್ಯ ಬಿಡದೆ ಹೋಗುತ್ತೇನೆ. ಕಂಬ ಅಡ್ಡ ಬಂದರೂ ಚಾವಣಿ ಚೆನ್ನಾಗಿ ಕಾಣುತ್ತದೆ. ಮೊದಲ ತಿಂಗಳು ಏನೂ ಕಾಣಲಿಲ್ಲ. ಆಮೇಲೆ ಒಂದು ಎಳೆ ಕೆಳಗೆ ಇಳಿಯಿತು, ಕೂದಲಿನಷ್ಟು ಸಣ್ಣದು, ನನಗೆ ಮಾತ್ರ ಕಾಣುವಷ್ಟು. ಮೊನ್ನೆ ಅಳಿಯ ಜೊತೆಗೆ ಬಂದಿದ್ದ. ಎಲ್ಲರೂ ಎದ್ದು ನಿಂತು ಯಾರದೋ ಅಂಕಕ್ಕೆ ಕಿರುಚುತ್ತಿದ್ದರು. ಅವನು ನನ್ನ ತೋಳು ಹಿಡಿದ.

"ಅತ್ತೆ, ಮೂಲೆ ಬಿಟ್ಟಿದೆ."

ನೋಡಿದೆ. ಪಟ್ಟಿಯ ಎಡಗಡೆಯ ಮೂಲೆ ಮಡಚಿಕೊಂಡಿತ್ತು. ಫ್ಯಾನಿನ ಗಾಳಿಗೆ ಎಳೆ ಮೊಳದಷ್ಟು ಉದ್ದವಾಗಿ ಅಲ್ಲಾಡುತ್ತಿತ್ತು. ಮೂಲೆಯ ಕೆಳಗೆ ಹಳೇ ಅಂಗಿಯ ಬಣ್ಣ ಒಂದಿಷ್ಟು ಇಣುಕುತ್ತಿತ್ತು.

"ಕೂತ್ಕೋ" ಅಂದೆ. "ಆಟ ಇನ್ನೂ ಇದೆ."